ಹುಳುವಿನ ಮಿದುಳು, ಎರಡು ಚಕ್ರ: ನಾಲ್ಕನೇ ತಿಂಗಳು

ಜೂನ್ 7

ಹುಳುವಿನ ನರಗಳ ನಕ್ಷೆಯಿಂದ ನಡೆಯುವ ನನ್ನ ಎರಡು ಚಕ್ರದ ಗಾಡಿ ಕೊನೆಗೂ ಓಡಿತು. ಎರಡು ವಾರ ಕರೆಂಟಿನ ತಕರಾರಿಗೇ ಹೋಯಿತು. ಮೋಟಾರು ತಿರುಗಿದ ತಕ್ಷಣ ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ರೀಸ್ಟಾರ್ಟ್ ಆಗುತ್ತಿತ್ತು. ಎರಡಕ್ಕೂ ಒಂದೇ ಬ್ಯಾಟರಿ ಕೊಟ್ಟಿದ್ದು ತಪ್ಪು. ಈಗ ಪೈಗೆ ಪವರ್ ಬ್ಯಾಂಕ್, ಮೋಟಾರಿಗೆ ಬೇರೆ ಎರಡು 18650 ಸೆಲ್, ಗ್ರೌಂಡ್ ಮಾತ್ರ ಒಟ್ಟಿಗೆ. ಗೋಡೆಯ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರಿನ 5 ವೋಲ್ಟನ್ನು ಎರಡು ರೆಸಿಸ್ಟರ್ ಹಾಕಿ 3.3ಕ್ಕೆ ಇಳಿಸಿದ್ದೇನೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಮನುಷ್ಯನ ಮನಸ್ಸನ್ನು ಕಂಪ್ಯೂಟರಿಗೆ ಏರಿಸಬಹುದೇ ಎಂಬ ಪ್ರಶ್ನೆ ನನ್ನನ್ನು ಕಾಲೇಜಿನ ದಿನಗಳಿಂದ ಬಿಟ್ಟಿಲ್ಲ. ವಾದ ಕೇಳಿ ಕೇಳಿ ಸಾಕಾಗಿ, ಒಂದು ಪುಟ್ಟ ಮಿದುಳನ್ನಾದರೂ ಕೈಯಾರೆ ಏರಿಸಿ ನೋಡೋಣ ಅಂತ ಹೊರಟೆ. ಆ ಮಿದುಳು ಸಿ. ಎಲೆಗನ್ಸ್ ಎಂಬ ದುಂಡುಹುಳುವಿನದು. ಒಂದು ಮಿಲಿಮೀಟರ್ ಉದ್ದ, 302 ನರಕೋಶ. ಕೇಂಬ್ರಿಜ್‌ನಲ್ಲಿ ಜೀವವಿಜ್ಞಾನಿ ಸಿಡ್ನಿ ಬ್ರೆನ್ನರ್ ಶುರು ಮಾಡಿದ ಕೆಲಸದಿಂದ ಅದರ ನರಗಳ ನಕ್ಷೆ ಸಿಕ್ಕಿತು. ಹುಳುವನ್ನು ತೆಳ್ಳಗೆ ಹೆಚ್ಚಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು, ಯಾವ ಎಳೆ ಯಾವುದಕ್ಕೆ ಅಂಟಿದೆ ಎಂದು ಜಾನ್ ವೈಟ್ ಮತ್ತು ಸಂಗಡಿಗರು ಕಣ್ಣಿನಿಂದಲೇ ನೋಡುತ್ತಾ ಹಿಂಬಾಲಿಸಿದರು. 1986ರಲ್ಲಿ 340 ಪುಟದ ಪ್ರಬಂಧವಾಗಿ ಅದು ಹೊರಬಂತು. ಈಗ ಆ ನಕ್ಷೆ ಒಂದು ಸ್ಪ್ರೆಡ್‌ಶೀಟು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದನ್ನು ಚಕ್ರದ ಮೇಲೆ ಕೂರಿಸಿದವರಲ್ಲಿ ನಾನು ಮೊದಲಿಗನಲ್ಲ. 2014ರಲ್ಲೇ ಟಿಮತಿ ಬಸ್ಬೈಸ್ ಲೆಗೊ ರೋಬೋಟಿನಲ್ಲಿ ಮಾಡಿ ತೋರಿಸಿದ್ದರು.

ನನ್ನ ಪ್ರೋಗ್ರಾಮ್ ಸರಳ. ಪ್ರತಿ ನರಕೋಶವೂ ಒಂದು ಅಂಕಿ. ಬಂದದ್ದು ಕೂಡುತ್ತಾ ಹೋಗಿ 30 ದಾಟಿದರೆ ಮುಂದಿನವಕ್ಕೆ ಹಂಚಿ ಸೊನ್ನೆಗಿಳಿಯುತ್ತದೆ. 20 ಸೆಂಟಿಮೀಟರಿನೊಳಗೆ ಗೋಡೆ ಬಂದರೆ ಮೂಗಿನ ಸ್ಪರ್ಶದ ನರಕೋಶಗಳನ್ನು ಎಬ್ಬಿಸುತ್ತೇನೆ. ಹಿಂದೆ ಹೋಗಬೇಕೋ ಮುಂದೆ ಹೋಗಬೇಕೋ ಎಂಬುದು ಎ ವರ್ಗದ ಮತ್ತು ಬಿ ವರ್ಗದ ಚಾಲಕ ನರಕೋಶಗಳಲ್ಲಿ ಯಾವುದರ ಮೊತ್ತ ಹೆಚ್ಚು ಎನ್ನುವುದರ ಮೇಲೆ.

ಚಕ್ರ ಜೋಡಿಸುವಾಗ ಎಡವಿದೆ. ಎಡದ ಸ್ನಾಯು ಎಡ ಚಕ್ರಕ್ಕೆ, ಬಲದ್ದು ಬಲಕ್ಕೆ ಅಂತ ಕಟ್ಟಿದ್ದೆ. ಆದರೆ ಈ ಹುಳು ತೆವಳುವುದು ಮಗ್ಗುಲಾಗಿ ಮಲಗಿಕೊಂಡು. ಅದು ಬಾಗುವುದು ಬೆನ್ನಿನ ಕಡೆಗೆ, ಹೊಟ್ಟೆಯ ಕಡೆಗೆ. ಬೆನ್ನಿನ ಸ್ನಾಯುಗಳನ್ನು ಒಂದು ಚಕ್ರಕ್ಕೆ, ಹೊಟ್ಟೆಯವನ್ನು ಇನ್ನೊಂದಕ್ಕೆ ಕೊಟ್ಟ ಮೇಲೆ ಗಾಡಿ ಹಾಲ್‌ನಲ್ಲಿ ಅಂಕುಡೊಂಕಾಗಿ ಹೊರಟಿತು. ಗೋಡೆ ಹತ್ತಿರ ಬಂತು. ನಿಂತಿತು. ಹಿಂದೆ ಸರಿದು ಬೇರೆ ಕಡೆ ತಿರುಗಿತು. ಹಾಗೆ ತಿರುಗು ಅಂತ ನಾನು ಒಂದು ಸಾಲನ್ನೂ ಬರೆದಿಲ್ಲ! ಆ ರಾತ್ರಿ ನಿದ್ದೆ ಬರಲಿಲ್ಲ.

ಜೂನ್ 15

ಅಮ್ಮ ಹಾಲ್‌ನಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಗಾಡಿ ಅದೇ ಮೂಲೆಗೆ ಮತ್ತೆ ಮತ್ತೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ಸ್ವಲ್ಪ ಹೊತ್ತು ನೋಡಿ ಅಂದಳು: "ಎಷ್ಟು ಸಲ ಹೋದ್ರೂ ಇದಕ್ಕೆ ಬುದ್ಧಿ ಬರಲಿಲ್ವಲ್ಲೋ."

ನಿಜ. ನಲವತ್ತು ಸಲ ಎಣಿಸಿದೆ, ನಲವತ್ತು ಸಲವೂ ಅದೇ ಬೆಚ್ಚು, ಅದೇ ಹಿಂಜರಿತ. ಜೀವಂತ ಹುಳು ಹೀಗಲ್ಲ. ತಟ್ಟೆಯನ್ನು ತಟ್ಟಿದರೆ ಅದು ಹಿಂದೆ ಸರಿಯುತ್ತದೆ, ತಟ್ಟುತ್ತಲೇ ಇದ್ದರೆ ಬರಬರುತ್ತಾ ಕಡಿಮೆ ಸರಿಯುತ್ತದೆ. ಕ್ಯಾಥರೀನ್ ರ‍್ಯಾಂಕಿನ್ 1990ರಲ್ಲೇ ತೋರಿಸಿದ್ದಾರೆ. ನರಗಳ ನಕ್ಷೆ ಅಷ್ಟರಲ್ಲಿ ಬದಲಾಗುವುದಿಲ್ಲ, ಸಂಧಿಗಳ (ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಜಾಗಗಳ) ಬಲ ಬದಲಾಗುತ್ತದೆ. ಆ ಬಲ ನನ್ನ ಸ್ಪ್ರೆಡ್‌ಶೀಟಿನಲ್ಲಿಲ್ಲ. ಅದರಲ್ಲಿರುವುದು ಸಂಧಿಗಳ ಲೆಕ್ಕ ಮಾತ್ರ.

ಅಮ್ಮನ ಬೆರಳು ಅಕ್ಕಿಯ ಮೇಲೆ ಹರಿದಾಡುತ್ತಿದ್ದುದನ್ನೇ ನೋಡಿದೆ. ಕಣ್ಣು ಟಿವಿಯ ಮೇಲಿದ್ದರೂ ಕಲ್ಲು ಸಿಕ್ಕಲ್ಲಿ ಬೆರಳು ತಾನಾಗಿ ನಿಲ್ಲುತ್ತದೆ. ಐವತ್ತು ವರ್ಷದ ಪಳಗಿಕೆ ಅದು. ಮನಸ್ಸನ್ನು ಏರಿಸುವುದು ಅಂದರೆ ನನ್ನ ಮಟ್ಟಿಗೆ ಆ ಬೆರಳು ಹಾಗೆ ನಿಲ್ಲುವುದನ್ನೂ ಏರಿಸಬೇಕು. ಅದು ಬರದಿದ್ದರೆ ಬಂದದ್ದು ಅಮ್ಮನಲ್ಲ.

ಜೂನ್ 29

ಪ್ಲಸ್ಸೋ ಮೈನಸ್ಸೋ ಎಂಬ ಸಮಸ್ಯೆ. ಒಂದು ಸಂಧಿ ಮುಂದಿನ ಕೋಶವನ್ನು ಕೆರಳಿಸುತ್ತದೋ ತಡೆಯುತ್ತದೋ ಎಂಬುದು ನಕ್ಷೆ ನೋಡಿದರೆ ತಿಳಿಯುವುದಿಲ್ಲ. ಗಾಬಾ ಎಂಬ ಸಂದೇಶವಾಹಕ ರಾಸಾಯನಿಕ ಬಳಸುವ ನರಕೋಶಗಳು ಯಾವುವು ಎಂಬುದು ಬೇರೆ ಪ್ರಯೋಗಗಳಿಂದ ಗೊತ್ತು, ಅವುಗಳಲ್ಲಿ ದೇಹದ ಸ್ನಾಯುಗಳನ್ನು ಸಡಿಲಿಸುವ ಡಿಡಿ, ವಿಡಿ ಗುಂಪುಗಳಿಗೆ ಮೈನಸ್ ಹಾಕಿದೆ. ಉಳಿದ ಕಡೆ? ಗ್ಲುಟಮೇಟ್ ಎಂಬ ಇನ್ನೊಂದು ರಾಸಾಯನಿಕ ಒಂದು ಕಡೆ ಕೆರಳಿಸುತ್ತದೆ, ಇನ್ನೊಂದು ಕಡೆ ತಡೆಯುತ್ತದೆ, ಎದುರಿಗಿರುವ ಗ್ರಾಹಕ ಯಾವುದು ಎನ್ನುವುದರ ಮೇಲೆ. ಅಲ್ಲೆಲ್ಲ ನಾನು ಊಹಿಸಿದೆ.

30 ಎಂಬ ಗಡಿಯೂ ನನ್ನದೇ. 22ಕ್ಕೆ ಇಳಿಸಿದರೆ ಗಾಡಿ ನಿಂತಲ್ಲೇ ನಡುಗುತ್ತದೆ, 45 ಇಟ್ಟರೆ ಅಲುಗಾಡುವುದಿಲ್ಲ. "ಹುಳುವಿನ ಹಾಗೆ" ಕಾಣುವವರೆಗೂ ತಿರುಗಿಸುತ್ತಾ ಹೋಗಿ 30ಕ್ಕೆ ನಿಲ್ಲಿಸಿದವನು ನಾನು. ಅಸಲಿಗೆ ಈ ಹುಳುವಿನ ಹೆಚ್ಚಿನ ನರಕೋಶಗಳು ಹೀಗೆ ಗಡಿ ದಾಟಿ ಸಿಡಿಯುವುದೂ ಇಲ್ಲ, ಮೆಲ್ಲಗೆ ಏರಿಳಿಯುತ್ತವೆ.

ಜುಲೈ 13

ಮೊದಲೇ ಮಾಡಬೇಕಿದ್ದ ಪರೀಕ್ಷೆ ಇವತ್ತು ಮಾಡಿದೆ. ಪ್ರತಿ ನರಕೋಶದಿಂದ ಎಷ್ಟು ಸಂಪರ್ಕ ಹೊರಡುತ್ತವೆ ಎಂಬುದನ್ನು ಹಾಗೇ ಬಿಟ್ಟು, ಅವು ಹೋಗಿ ಸೇರುವ ಜಾಗಗಳನ್ನು ಕಲಸಿಬಿಟ್ಟೆ. ಅಂದರೆ ಹುಳುವಿನ ನಕ್ಷೆಯೇ ಅಲ್ಲದ ನಕ್ಷೆ. ಹೀಗೆ ಇಪ್ಪತ್ತು ನಕ್ಷೆ ಮಾಡಿ ಒಂದೊಂದನ್ನೇ ಹಾಲ್‌ನಲ್ಲಿ ಬಿಟ್ಟೆ.

ಏಳು ನಕ್ಷೆಗಳಲ್ಲಿ ಗಾಡಿ ಗೋಡೆ ಕಂಡು ತಿರುಗಿತು.

ಪ್ರೋಗ್ರಾಮಿನಲ್ಲೇ ತಪ್ಪಿರಬಹುದೆಂದು ಎರಡು ಸಲ ನೋಡಿದೆ, ಇರಲಿಲ್ಲ. ಕಾರಣ ಹೊಳೆದ ಮೇಲೆ ಸಂಕಟವೇ ಆಯಿತು. ಮೂಗಿನ ನರಕೋಶಗಳು ಒಮ್ಮೆಲೇ ಸಿಡಿದಾಗ ಎಲ್ಲೋ ಒಂದು ಕಡೆ ಮೊತ್ತ ಏರುಪೇರಾಗುತ್ತದೆ, ಎರಡು ಚಕ್ರಗಳ ವೇಗ ಬೇರೆಯಾಗುತ್ತದೆ, ಗಾಡಿ ತಿರುಗುತ್ತದೆ. ಎರಡು ಚಕ್ರದ ಗಾಡಿ ಹೇಗೆ ತಿರುಗಿದರೂ ನೋಡುವವರಿಗೆ ಗೋಡೆಯಿಂದ ತಪ್ಪಿಸಿಕೊಂಡಂತೆಯೇ ಕಾಣುತ್ತದೆ. ಜೂನ್ 7ರ ರಾತ್ರಿ ನನ್ನ ನಿದ್ದೆ ಕೆಡಿಸಿದ್ದರಲ್ಲಿ ಹುಳುವಿನದೆಷ್ಟು, ಗಾಡಿಯದೆಷ್ಟು, ನನ್ನ 30ರದೆಷ್ಟು?

ಈ ಪ್ರಶ್ನೆ ಹುಳುವಿಗೇ ಮುಗಿಯುವುದಿಲ್ಲ. 2024ರಲ್ಲಿ ಹಣ್ಣುನೊಣದ ಇಡೀ ಮಿದುಳಿನ ನಕ್ಷೆ ಬಂತು, 1,39,255 ನರಕೋಶ. ಅದೇ ವರ್ಷ ಮನುಷ್ಯನ ಮಿದುಳಿನ ಒಂದು ಘನ ಮಿಲಿಮೀಟರ್ ಚೂರಿನ ನಕ್ಷೆಯೂ ಬಂತು. ರಾಗಿಕಾಳಿನಷ್ಟೂ ಇಲ್ಲದ ಆ ಚೂರಿನ ಚಿತ್ರಗಳೇ 1,400 ಟೆರಾಬೈಟ್. ಇಡೀ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಡಿಸ್ಕಿನ ಜಾಗ ಇಂದಲ್ಲ ನಾಳೆ ಸಿಗುತ್ತದೆ, ಅದರ ಚಿಂತೆ ನನಗಿಲ್ಲ. ಏರಿಸಿದ ಮೇಲೆ ಅದು "ನಾನೇ ಕಣೋ" ಅಂದರೆ, ಹಾಗೆ ಅನ್ನುವವರೆಗೂ ಗಡಿಗಳನ್ನು ತಿರುಗಿಸುತ್ತಾ ಕೂತವರು ಯಾರೋ ಇರುತ್ತಾರಲ್ಲ, ಆ ಕೈಯನ್ನು ಹೇಗೆ ಕಳೆಯುವುದು? ಚಿಂತೆ ಅದರದು. ಆದರೂ ಆಗದ ಕೆಲಸ ಅಂತ ನಾನು ಹೇಳಲಾರೆ. ಆಗಬೇಕು ಅಂತಲೇ ನನ್ನ ಆಸೆ.

ಜುಲೈ 20

ಚಕ್ರ ಬಿಚ್ಚಿಟ್ಟಿದ್ದೇನೆ. ಚಕ್ರ ಇರುವವರೆಗೂ ಕಣ್ಣು ಮೋಸ ಹೋಗುತ್ತದೆ. 2023ರಲ್ಲಿ ಪ್ರಿನ್ಸ್‌ಟನ್‌ನವರು ಜೀವಂತ ಹುಳುವಿನ ಒಂದೊಂದೇ ನರಕೋಶವನ್ನು ಬೆಳಕಿನಿಂದ ಎಬ್ಬಿಸಿ, ಉಳಿದವುಗಳಲ್ಲಿ ಯಾವುದು ಎಷ್ಟು ಮಿಡಿಯುತ್ತದೆ ಎಂದು ಅಳೆದಿದ್ದಾರೆ. ನಕ್ಷೆ ನೋಡಿ ಊಹಿಸಿದ್ದಕ್ಕೂ ಅಳತೆಗೂ ಅನೇಕ ಕಡೆ ತಾಳೆಯಾಗಲಿಲ್ಲ. ಸಂಧಿಯೇ ಇಲ್ಲದೆ ನ್ಯೂರೋಪೆಪ್ಟೈಡು ಎಂಬ ರಾಸಾಯನಿಕಗಳ ಮೂಲಕ ಹರಡುವ ಸಂದೇಶಗಳೂ ಇವೆ. ಆ ಅಳತೆಗಳು ಎಲ್ಲರಿಗೂ ಮುಕ್ತವಾಗಿವೆ, ಇಳಿಸಿಕೊಂಡಿದ್ದೇನೆ.

ಇನ್ನು ಮುಂದೆ ಗೋಡೆಯ ಪರೀಕ್ಷೆ ಇಲ್ಲ. ನನ್ನ ಮಾದರಿಯಲ್ಲಿ ಒಂದು ನರಕೋಶ ಎಬ್ಬಿಸಿದರೆ ಉಳಿದವು ಅಳತೆಯಲ್ಲಿದ್ದಂತೆಯೇ ಮಿಡಿಯುತ್ತವೆಯೇ ಎಂದು ಒಂದೊಂದು ಜೋಡಿಯನ್ನೂ ತಾಳೆ ನೋಡಬೇಕು. ಕಲಸಿದ ಆ ಇಪ್ಪತ್ತು ನಕ್ಷೆಗಳಿಗೂ ಅದೇ ಪರೀಕ್ಷೆ. ಮೊದಲು ಹುಳುವನ್ನು ಹಿಮ್ಮೆಟ್ಟಿಸುವ ಎವಿಎ ಎಂಬ ನರಕೋಶಗಳ ಜೋಡಿಯಿಂದ ಶುರು ಮಾಡಿದ್ದೇನೆ, ಪ್ರೋಗ್ರಾಮ್ ರಾತ್ರಿಯಿಂದ ಓಡುತ್ತಿದೆ.