ಕತ್ತಲಲ್ಲಿ ಕಂಡ ಕಣ್ಣು
ಬೆಳಗ್ಗೆಯಿಂದ ಜಿಮ್ಮಿ ರಾನ್ಸ್ಲಿ ನೆನಪಾಗುತ್ತಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ರಾತ್ರಿ ಯುದ್ಧವಿಮಾನದ ರೇಡಾರ್ ಆಪರೇಟರ್. ಅವರ ಪೈಲಟ್ ಜಾನ್ ಕನ್ನಿಂಗ್‌ಹ್ಯಾಮ್‌ಗೆ ಪತ್ರಿಕೆಗಳು 'ಬೆಕ್ಕಿನ ಕಣ್ಣು' ಅಂತ ಹೆಸರಿಟ್ಟವು. ಕ್ಯಾರೆಟ್ ತಿಂದು ಕಣ್ಣು ಚುರುಕಾಗಿದೆ ಅಂತ ಜನ ನಂಬಿದರು. ಕತ್ತಲಲ್ಲಿ ಶತ್ರು ವಿಮಾನವನ್ನು ಹುಡುಕಿಕೊಡುತ್ತಿದ್ದ ರೇಡಾರ್ ಗುಟ್ಟಾಗಿತ್ತಲ್ವಾ, ಅದಕ್ಕೆ!

ಬ್ಯೂಫೈಟರ್ ವಿಮಾನದ ಹಿಂಭಾಗದಲ್ಲಿ ಒಬ್ಬರೇ ಕೂತು, ಎರಡು ಪುಟ್ಟ ಪರದೆಗಳನ್ನು ನೋಡುವುದು. ಒಂದರಲ್ಲಿ ಎಡ-ಬಲ, ಇನ್ನೊಂದರಲ್ಲಿ ಮೇಲೆ-ಕೆಳಗೆ. ಹಸಿರು ಗೆರೆಯ ಮೇಲೊಂದು ಸಣ್ಣ ಉಬ್ಬು ಕಂಡರೆ ಅದೇ ಶತ್ರು. 'ಎಡಕ್ಕೆ, ಇನ್ನೂ ಸ್ವಲ್ಪ, ನಿಧಾನ' ಅಂತ ಹೇಳುತ್ತಲೇ ಇರಬೇಕು. ಕೊನೆಯ ಕೆಲವು ನೂರು ಅಡಿಗಳಲ್ಲಿ ರೇಡಾರ್ ಕುರುಡು. ಅಲ್ಲಿಂದ ಪೈಲಟ್‌ನ ಕಣ್ಣೇ ಗತಿ.

ತನ್ನ ಕೈಯಲ್ಲಿ ಬಂದೂಕಿಲ್ಲ, ಮುಂದಿನ ದಾರಿಯೂ ಕಾಣುವುದಿಲ್ಲ. ಆದರೂ ಮಾತಿನಲ್ಲೇ ಇನ್ನೊಬ್ಬರನ್ನು ಕತ್ತಲಲ್ಲಿ ನಡೆಸಿದ ಆ ಮನುಷ್ಯನ ಮೇಲೆ ನನಗೆ ಜಾಸ್ತಿ ಪ್ರೀತಿ.