ವರ್ಷವೆಲ್ಲ ಪುರುಸೊತ್ತಿಲ್ಲ, ರಜೆಯಲ್ಲಿ ಸರಿದೂಗಿಸಬಹುದಾ?

ನಾನು ಪುಟ್ಟ ಮಕ್ಕಳ ಜೊತೆ ಕೆಲಸ ಮಾಡುವವಳು. ಅಪ್ಪ ಅಮ್ಮಂದಿರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಮತ್ತೆ ಮತ್ತೆ ಬರುತ್ತದೆ. ಕೇಳುವ ರೀತಿ ಬೇರೆ ಬೇರೆ, ಒಳಗಿನ ಸಂಕಟ ಒಂದೇ. "ದಿನವೂ ಕೆಲಸ, ಓಡಾಟ. ಮಗು ಏಳುವಾಗ ನಾನು ಹೊರಡುವ ಗಡಿಬಿಡಿಯಲ್ಲಿರುತ್ತೇನೆ, ನಾನು ಬರುವಾಗ ಅದಕ್ಕೆ ನಿದ್ದೆ. ರಜೆ ಬರಲಿ, ಎಲ್ಲಾದರೂ ಕರೆದುಕೊಂಡು ಹೋಗಿ ಪೂರ್ತಿ ಜೊತೆಗೇ ಇರುತ್ತೇನೆ. ಅಷ್ಟು ಮಾಡಿದರೆ ಸಾಕಲ್ವಾ?"

ರಜೆಗೆ ಖಂಡಿತ ಹೋಗಿ ಬನ್ನಿ. ಆದರೆ ವರ್ಷದ ಬಾಕಿ ತೀರಿಸುವ ಲೆಕ್ಕದಲ್ಲಿ ಹೋಗಬೇಡಿ. ನಿಮಗೂ ಮಗುವಿಗೂ ನಂಟು ಬೆಳೆಯುವುದು ಹೆಚ್ಚಾಗಿ ಹಲ್ಲುಜ್ಜುವಾಗ, ಸ್ನಾನ ಮಾಡಿಸುವಾಗ, ಬಟ್ಟೆ ಮಡಚುವಾಗ, ಮಲಗಿಸುವಾಗ. ಈ ಕೆಲಸಗಳು ನಿಮ್ಮ ಮನೆಯಲ್ಲಿ ಈಗಾಗಲೇ ನಡೆಯುತ್ತಿವೆ. ಇದಕ್ಕಾಗಿ ಬೇರೆ ಸಮಯ ಹುಡುಕಬೇಕಾಗಿಲ್ಲ. ಇರುವ ಕೆಲಸದೊಳಗೇ ಮಗುವಿಗೆ ಜಾಗ ಮಾಡಿಕೊಡಬೇಕು. ದಣಿದು ಬಂದವರಿಗೆ ಇದೂ ಕಷ್ಟವೇ, ನನಗೆ ಗೊತ್ತು. ಹಾಗಾಗಿ ಯಾಕೆ ಹೀಗೆ ಹೇಳುತ್ತೇನೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಕ್ಕಳ ತಲೆಯಲ್ಲಿ ಏನು ಓಡುತ್ತಿರುತ್ತದೆ ಅಂತ ಯೋಚಿಸುವಾಗಲೆಲ್ಲ ನನಗೆ ಒಂದು ಅಧ್ಯಯನ ನೆನಪಾಗುತ್ತದೆ. ಅಮೆರಿಕದ ಮನೋವಿಜ್ಞಾನಿ ಕ್ಯಾಥರೀನ್ ನೆಲ್ಸನ್ ಮತ್ತು ಅವರ ಜೊತೆಗಾರರು ಒಂದು ಪುಟ್ಟ ಹುಡುಗಿಯ ಮಾತುಗಳನ್ನು ಕೂಲಂಕಷವಾಗಿ ನೋಡಿದರು. ಅಪ್ಪ ಅಮ್ಮ ಮಲಗಿಸಿ ಹೊರಗೆ ಹೋದ ಮೇಲೆ ಆ ಮಗು ಹಾಸಿಗೆಯಲ್ಲಿ ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುತ್ತಿತ್ತು. ಮನೆಯವರು ಅದನ್ನು ಟೇಪ್ ಮಾಡಿಟ್ಟರು. 21 ತಿಂಗಳಿನಿಂದ 3 ವರ್ಷ ತುಂಬುವವರೆಗಿನ ಮಾತುಗಳು ಅವು. ಅಧ್ಯಯನ ಪ್ರಕಟವಾದದ್ದು 1989ರಲ್ಲಿ.

ಆ ಹೊತ್ತಿನಲ್ಲಿ ಹುಡುಗಿಗೆ ಒಬ್ಬ ತಮ್ಮ ಹುಟ್ಟಿದ್ದ. ವಿಮಾನ ಹತ್ತಿ ನೆಂಟರ ಮನೆಗೂ ಹೋಗಿ ಬಂದಿದ್ದಳು. ದೊಡ್ಡವರ ಲೆಕ್ಕದಲ್ಲಿ ಇವೇ ಆ ವರ್ಷದ ದೊಡ್ಡ ಸಂಗತಿಗಳು, ಅಲ್ವಾ? ಕತ್ತಲೆಯಲ್ಲಿ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಮಾತಿನಲ್ಲಿ ಇವುಗಳ ಸುದ್ದಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನಿದ್ದೆಯಿಂದ ಎದ್ದಾಗ ಯಾರು ಬಂದರು, ಅಪ್ಪ ಏನು ಹೇಳಿದರು, ನಾಳೆ ಏನೇನು ಮಾಡುವುದು ಅನ್ನುವ ದಿನನಿತ್ಯದ ಸಂಗತಿಗಳನ್ನೇ ಅವಳು ತಿರುಗಿಸಿ ಮುರುಗಿಸಿ ಜೋಡಿಸಿಕೊಳ್ಳುತ್ತಿದ್ದಳು.

ಒಂದು ಮಗುವಿನಿಂದ ಎಲ್ಲ ಮಕ್ಕಳ ವಿಚಾರ ಹೇಳಲಾಗದು. ಆದರೆ ನೆಲ್ಸನ್ ಬೇರೆ ಮಕ್ಕಳಲ್ಲೂ ಇದಕ್ಕೆ ಹೊಂದುವ ಮಾತನ್ನು ಕಂಡಿದ್ದಾರೆ. ಮೂರು ವರ್ಷದ ಮಗುವಿಗೆ ದಿನವೂ ನಡೆಯುವ ಕೆಲಸ ಹೇಗೆ ನಡೆಯುತ್ತದೆ ಅಂತ ಕೇಳಿದರೆ ಅದು ಸರಾಗವಾಗಿ ಹೇಳುತ್ತದೆ: ಮೊದಲು ಹೀಗೆ ಮಾಡ್ತೀವಿ, ಆಮೇಲೆ ಹಾಗೆ. ಮಗು ಜಗತ್ತನ್ನು ಅರಿಯುವುದು ಮೊದಲು ಹೀಗೇ. ಮುಂದೆ ಏನು ಬರುತ್ತದೆ ಅಂತ ಗೊತ್ತಿದ್ದರೆ ಅದಕ್ಕೆ ಧೈರ್ಯ. ಆ 'ಮುಂದೆ'ಯಲ್ಲಿ ನೀವು ಇದ್ದೀರಿ ಅಂತ ಗೊತ್ತಿದ್ದರೆ ಇನ್ನೂ ಧೈರ್ಯ.

ಒಗೆದ ಬಟ್ಟೆ ಮಡಚುವ ಕೆಲಸವನ್ನೇ ನೋಡಿ. ನಾಲ್ಕು ವರ್ಷದ ಮಗುವಿನ ಮುಂದೆ ಕಾಲುಚೀಲದ ಗುಡ್ಡೆ ಹಾಕಿ. ಒಂದನ್ನು ಎತ್ತಿ ಹಿಡಿಯುತ್ತದೆ, ಅದರ ಜೋಡಿ ಹುಡುಕುತ್ತದೆ. ಬಣ್ಣ ಒಂದೇ, ಆದರೆ ಒಂದು ದೊಡ್ಡದು, ಒಂದು ಚಿಕ್ಕದು. ಎರಡನ್ನೂ ನೆಲದ ಮೇಲೆ ಪಕ್ಕಪಕ್ಕ ಇಟ್ಟು, ಅಂಗೈಯಿಂದ ಒತ್ತಿ ನೇರ ಮಾಡಿ ನೋಡುತ್ತದೆ. "ಇದು ಅಪ್ಪಂದು" ಅಂತ ಆಚೆ ಇಡುತ್ತದೆ. ಒಂದು ಜೋಡಿ ಸಿಕ್ಕಿತು ಅಂದರೆ ಅದನ್ನು ಉಂಡೆ ಮಾಡಲು ಹೋಗಿ ಬಿಚ್ಚಿಹೋಗುತ್ತದೆ, ಮತ್ತೆ ಮಾಡುತ್ತದೆ. ಇದೆಲ್ಲದರ ನಡುವೆ, ತಲೆ ಎತ್ತದೆ, ಯಾವುದೋ ಮಾತಿನ ಹಾಗೆ ಹೇಳುತ್ತದೆ: "ಇವತ್ತು ನನ್ನ ಜೊತೆ ಯಾರೂ ಆಡಲಿಲ್ಲ."

ಇದೇ ಮಗುವನ್ನು ಎದುರಿಗೆ ಕೂರಿಸಿಕೊಂಡು "ಇವತ್ತು ಶಾಲೆಯಲ್ಲಿ ಏನಾಯ್ತು ಪುಟ್ಟಾ?" ಅಂತ ಕೇಳಿದ್ದರೆ "ಏನಿಲ್ಲ" ಅನ್ನುತ್ತಿತ್ತು. ಕೈಗೆ ಕೆಲಸ ಇದ್ದಾಗ, ಯಾರೂ ಮುಖವನ್ನೇ ನೋಡುತ್ತಾ ಕೂತಿಲ್ಲದಾಗ ಮಾತು ತಾನಾಗಿ ಬರುತ್ತದೆ. ಆಗ ನೀವು ಬಟ್ಟೆ ಬದಿಗಿಟ್ಟು ವಿಚಾರಣೆಗೆ ಇಳಿಯಬೇಡಿ. ಯಾರು, ಯಾಕೆ, ಟೀಚರಿಗೆ ಹೇಳಿದೆಯಾ ಅಂತ ಸಾಲಾಗಿ ಕೇಳಿದರೆ ಬಾಯಿ ಮುಚ್ಚಿಹೋಗುತ್ತದೆ. ಕೈಯಲ್ಲಿರುವ ಅಂಗಿಯನ್ನು ಮಡಚುತ್ತಲೇ "ಹೌದಾ? ಬೇಜಾರಾಯ್ತಾ?" ಅನ್ನಿ. ಕಾಯಿರಿ. ಉಳಿದದ್ದು ಮುಂದಿನ ಕಾಲುಚೀಲದ ಜೊತೆ ಬರಬಹುದು. ಅಥವಾ ನಾಳೆ ಬರಬಹುದು, ಯಾಕೆಂದರೆ ನಾಳೆಯೂ ಬಟ್ಟೆ ಇರುತ್ತದೆ. ದಿನಚರಿಯ ದೊಡ್ಡ ಗುಣ ಇದೇ. ಇವತ್ತು ತಪ್ಪಿದ ಮಾತಿಗೆ ನಾಳೆ ಅದೇ ಹೊತ್ತಿಗೆ ಇನ್ನೊಂದು ಅವಕಾಶ ಸಿಗುತ್ತದೆ. ರಜೆಯ ಪ್ರವಾಸಕ್ಕೆ ಈ ಸೌಲಭ್ಯ ಇಲ್ಲ.

ಹೌದು, ಮಗು ಸೇರಿಕೊಂಡರೆ ಕೆಲಸ ನಿಧಾನ. ಹತ್ತು ನಿಮಿಷದ್ದು ಅರ್ಧ ಗಂಟೆ ಆಗುತ್ತದೆ. ಅದಕ್ಕೇ ಎಲ್ಲ ಕೆಲಸದಲ್ಲೂ ಸೇರಿಸಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಒಂದನ್ನು ಆರಿಸಿಕೊಳ್ಳಿ. ಬೆಳಗ್ಗೆ ತಲೆ ಬಾಚುವುದಾಗಲಿ, ಸಂಜೆ ಗಿಡಕ್ಕೆ ನೀರು ಹಾಕುವುದಾಗಲಿ, ರಾತ್ರಿ ಹಾಸಿಗೆ ಹಾಸುವುದಾಗಲಿ. ಆ ಒಂದರ ಹೊತ್ತಿಗೆ ಫೋನ್ ಬೇರೆ ಕೋಣೆಯಲ್ಲಿರಲಿ. ಮಗು ಮಾಡಿದ್ದನ್ನು ಅದರ ಕಣ್ಣೆದುರೇ ಬಿಚ್ಚಿ ಮತ್ತೆ ಮಡಚಬೇಡಿ.

ಎಲ್ಲಿಂದ ಶುರು ಮಾಡುವುದು ಅಂತ ಕೇಳಿದರೆ ನಾನು ಮಲಗುವ ಹೊತ್ತು ಅನ್ನುತ್ತೇನೆ. ಅದಕ್ಕೆ ಆಧಾರವೂ ಇದೆ. 2009ರಲ್ಲಿ ಜೋಡಿ ಮಿಂಡೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ 405 ತಾಯಂದಿರು ಮತ್ತು ಅವರ 7ರಿಂದ 36 ತಿಂಗಳ ಮಕ್ಕಳು ಇದ್ದರು. ಮೊದಲ ವಾರ ಎಲ್ಲರೂ ಎಂದಿನಂತೆ ಮಲಗಿದರು. ಮುಂದಿನ ಎರಡು ವಾರ ಒಂದು ಗುಂಪಿನವರು ದಿನವೂ ಒಂದೇ ಕ್ರಮ ಪಾಲಿಸಿದರು: ಸ್ನಾನ, ಮೈಗೆ ಲೋಷನ್ ಹಚ್ಚಿ ತಿಕ್ಕುವುದು, ಆಮೇಲೆ ಮುದ್ದು ಮಾಡುವುದು, ಲಾಲಿ ಹಾಡುವುದು ಇಂಥದ್ದು. ಅಷ್ಟಕ್ಕೇ ಮಕ್ಕಳು ಬೇಗ ನಿದ್ದೆಹೋದರು, ರಾತ್ರಿ ಏಳುವುದು ಕಡಿಮೆಯಾಯಿತು. ನನಗೆ ಜಾಸ್ತಿ ಇಷ್ಟವಾದದ್ದು ಇನ್ನೊಂದು ಫಲಿತಾಂಶ. ತಾಯಂದಿರ ಮನಸ್ಸೂ ಹಗುರಾಗಿತ್ತು. ದಿನಚರಿ ಅಂದರೆ ಮಗುವಿಗೋಸ್ಕರ ದೊಡ್ಡವರು ಹೊರುವ ಇನ್ನೊಂದು ಹೊರೆ ಅಂತ ತಿಳಿದವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ.

ದಿನಾ ಮಾಡುವುದೆಲ್ಲ ನಂಟು ಬೆಸೆಯುತ್ತದೆ ಅಂತಲೂ ಅಲ್ಲ. ಕುಟುಂಬಗಳ ದಿನಚರಿ ಮತ್ತು ಆಚರಣೆಗಳ ಬಗ್ಗೆ 50 ವರ್ಷಗಳಲ್ಲಿ ನಡೆದ ಸಂಶೋಧನೆಗಳನ್ನು ಬಾರ್ಬರಾ ಫೀಸ್ ಮತ್ತು ಜೊತೆಗಾರರು 2002ರಲ್ಲಿ ಒಟ್ಟಿಗೆ ಇಟ್ಟು ನೋಡಿದರು. ಅವರು ಇವೆರಡರ ನಡುವೆ ಒಂದು ಗೆರೆ ಎಳೆಯುತ್ತಾರೆ. ದಿನಚರಿ ಅಂದರೆ ಆಗಬೇಕಾದ ಕೆಲಸ. ಮುಗಿದರೆ ಮುಗಿಯಿತು, ಅದರ ನೆನಪು ಇಟ್ಟುಕೊಳ್ಳುವವರಿಲ್ಲ. ಆಚರಣೆಯಲ್ಲಿ 'ನಾವು ಇಂಥವರು' ಅನ್ನುವ ಭಾವ ಸೇರಿರುತ್ತದೆ, ಮುಗಿದ ಮೇಲೂ ಮನಸ್ಸಿನಲ್ಲಿ ಉಳಿಯುತ್ತದೆ. ಆದರೆ ಒಂದೇ ಊಟ ಎರಡೂ ಆಗಬಹುದು. ಬೇಗ ತಿನ್ನು, ಚೆಲ್ಲಬೇಡ, ಏಳು ಅಂತಷ್ಟೇ ಮಾತಿದ್ದರೆ ಅದು ಕೆಲಸ. ಒಬ್ಬರು ಬರದಿದ್ದರೆ "ಇವತ್ತು ಯಾಕೋ ಸರಿ ಅನ್ನಿಸ್ತಿಲ್ಲ" ಅಂತ ಉಳಿದವರಿಗೆ ಅನ್ನಿಸಿದರೆ ಅದು ಅಷ್ಟರಮಟ್ಟಿಗೆ ನಿಮ್ಮ ಮನೆಯ ಆಚರಣೆ.

ಇಂಥ ಆಚರಣೆಗೆ ಎಷ್ಟು ಬಲ ಇದೆ ಅನ್ನುವುದಕ್ಕೆ ಕಷ್ಟದ ಮನೆಗಳನ್ನು ನೋಡಬೇಕು. ಸ್ಟೀವನ್ ವೋಲಿನ್, ಲಿಂಡಾ ಬೆನೆಟ್ ಮತ್ತಿತರರು 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪ್ಪನಿಗೋ ಅಮ್ಮನಿಗೋ ಕುಡಿತದ ಚಟ ಇದ್ದ ಕುಟುಂಬಗಳಿದ್ದವು. ಊಟದ ಹೊತ್ತು, ರಜೆ, ಹಬ್ಬಗಳು ಕುಡಿತದಿಂದ ಕೆಟ್ಟುಹೋದ ಮನೆಗಳಲ್ಲಿ ಆ ಚಟ ಮುಂದಿನ ತಲೆಮಾರಿಗೂ ಹೋಗುವುದು ಹೆಚ್ಚಿತ್ತು. ಕುಡಿತ ಇದ್ದರೂ ಅವನ್ನು ಹೇಗೋ ಉಳಿಸಿಕೊಂಡ ಮನೆಗಳಲ್ಲಿ ಕಡಿಮೆ. ಇದು ಮಂತ್ರವಲ್ಲ, ನಿಜ. ಆದರೂ ಅಂಥ ಮನೆಯಲ್ಲಿ ಯಾರೋ ಒಬ್ಬರು ಹಟ ಹಿಡಿದು ಎಲ್ಲರನ್ನೂ ಊಟಕ್ಕೆ ಕೂರಿಸುತ್ತಿದ್ದಿರಬೇಕಲ್ಲ, ಅವರ ಬಗ್ಗೆ ನನಗೆ ಬಹಳ ಗೌರವ.

ಹಾಗಾದರೆ ರಜೆ ಯಾಕೆ ಬೇಕು? ಗಡಿಯಾರ ಸಡಿಲವಾಗುತ್ತದಲ್ಲ, ಅದಕ್ಕೆ. ಶಾಲೆಯ ದಿನಗಳಲ್ಲಿ ಮಗುವಿಗೆ ಬೂಟಿನ ಲೇಸ್ ತಾನೇ ಕಟ್ಟಿಕೊಳ್ಳಲು ನಾವು ಬಿಡುವುದಿಲ್ಲ, ತಡವಾಗುತ್ತದೆ. ರಜೆಯಲ್ಲಿ ಬಿಡಬಹುದು. ತನ್ನ ಚೀಲ ತಾನೇ ತುಂಬಿಕೊಳ್ಳಲಿ. ಒಂದು ದಿನ ಏನು ಮಾಡುವುದು ಅಂತ ಅದೇ ತೀರ್ಮಾನಿಸಲಿ. ಆ ತೀರ್ಮಾನ ನಿಮಗೆ ಸಪ್ಪೆ ಅನ್ನಿಸಿದರೂ ಒಪ್ಪಿಕೊಳ್ಳಿ. ನೋಡುವ ಜಾಗಗಳನ್ನು ಬೆಳಗಿಂದ ಸಂಜೆವರೆಗೆ ತುರುಕಿದ ರಜೆಯಲ್ಲಿ ದೊಡ್ಡವರು ಮತ್ತೆ "ಬೇಗ ಬೇಗ" ಅನ್ನುತ್ತಲೇ ಇರುತ್ತಾರೆ. ಮಗುವಿಗೆ ಮನೆಯಲ್ಲಿ ಕೇಳುವ ಮಾತೇ ಅಲ್ಲೂ ಕೇಳುತ್ತದೆ.

ರಜೆಯ ಎರಡನೇ ದಿನವೋ ಮೂರನೇ ದಿನವೋ ಮಗು ರಂಪ ಮಾಡುವುದನ್ನು ತುಂಬಾ ಜನ ಹೇಳಿಕೊಳ್ಳುತ್ತಾರೆ. "ಇಷ್ಟೆಲ್ಲ ಮಾಡಿದ್ದು ಅವನಿಗೋಸ್ಕರ, ಅವನಿಗೆ ಅದರ ಬೆಲೆಯೇ ಇಲ್ಲ" ಅನ್ನುವ ನೋವು ಅವರದು. ದಯವಿಟ್ಟು ಹಾಗೆ ತಿಳಿಯಬೇಡಿ. ಮಲಗುವ ಹೊತ್ತು ತಪ್ಪಿದೆ, ಊಟದ ಹೊತ್ತು ತಪ್ಪಿದೆ, ಹಾಸಿಗೆ ಬೇರೆ, ಮುಂದೆ ಏನು ಅಂತ ಗೊತ್ತಿಲ್ಲ. ಅದನ್ನು ಹೇಳಲು ಮಾತು ಸಾಲದೆ ಅಳುತ್ತಿದೆ. ಮಿಕ್ಕಿದ್ದೆಲ್ಲ ಬದಲಾದರೂ ಒಂದೆರಡು ಹಾಗೇ ಇರಲಿ. ಮನೆಯಲ್ಲಿ ಮಲಗುವಾಗ ಕಥೆ ಇದ್ದರೆ ಅಲ್ಲೂ ಅದೇ ಕಥೆ. ಮನೆಯ ಹೊದಿಕೆಯನ್ನೇ ಜೊತೆಗೆ ಒಯ್ಯಿರಿ. ಬೆಳಗ್ಗೆ ಎದ್ದ ಕೂಡಲೇ "ಇವತ್ತು ಮೊದಲು ಇದು, ಆಮೇಲೆ ಅದು" ಅಂತ ಹೇಳಿಬಿಡಿ. ಚಿಕ್ಕ ಮಕ್ಕಳಿಗೆ ಇದರಿಂದ ಎಷ್ಟು ನೆಮ್ಮದಿ ಸಿಗುತ್ತದೆ ಅಂತ ಮಾಡಿ ನೋಡಿದರೆ ಗೊತ್ತಾಗುತ್ತದೆ.

ಇನ್ನು ರಜೆ ಮುಗಿದ ಮೇಲಿನ ಕೆಲಸ. ಇದನ್ನು ಮರೆಯುವವರೇ ಜಾಸ್ತಿ. ರಾಬಿನ್ ಫಿವುಶ್, ಇಲೇನ್ ರೀಸ್ ಮೊದಲಾದವರು ಅಪ್ಪ ಅಮ್ಮ ಮಕ್ಕಳ ಜೊತೆ ಹಳೆಯದನ್ನು ಹೇಗೆ ನೆನೆಯುತ್ತಾರೆ ಅಂತ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಕೆಲವರು ಪರೀಕ್ಷೆ ತೆಗೆದುಕೊಳ್ಳುವ ಹಾಗೆ ಕೇಳುತ್ತಾರೆ: "ನಾವು ಎಲ್ಲಿಗೆ ಹೋಗಿದ್ವಿ? ಅಲ್ಲಿ ಏನು ನೋಡಿದ್ವಿ?" ಇನ್ನು ಕೆಲವರು ಮಗು ಹೇಳಿದ್ದಕ್ಕೆ ತಮ್ಮದೊಂದು ಎಳೆ ಸೇರಿಸುತ್ತಾ ಹೋಗುತ್ತಾರೆ.

"ಅಮ್ಮಾ, ನಂಗೆ ನೀರು ಸಿಡೀತು."

"ಹೌದಲ್ವಾ! ಅಂಗಿಯೆಲ್ಲ ಒದ್ದೆಯಾಗಿತ್ತು. ಆಗ ನಿಂಗೆ ಏನನ್ನಿಸ್ತು?"

"ಭಯ ಆಯ್ತು. ಆಮೇಲೆ ನಗು ಬಂತು."

"ಭಯ ಆದಾಗ ನನ್ನ ಕೈ ಹಿಡ್ಕೊಂಡೆ. ಆಮೇಲೆ ಯಾಕೆ ನಗು ಬಂತು?"

ಹೀಗೆ ಮಾತಾಡುವ ಮನೆಯ ಮಕ್ಕಳು ಮುಂದೆ ತಮ್ಮ ನೆನಪುಗಳನ್ನು ಹೆಚ್ಚು ವಿವರವಾಗಿ, ಜೋಡಿಸಿ ಹೇಳುತ್ತಾರೆ ಅನ್ನುವುದು ಈ ಅಧ್ಯಯನಗಳಲ್ಲಿ ಪದೇ ಪದೇ ಕಂಡ ವಿಷಯ. ದೂರದ ಪ್ರವಾಸವೂ ಮಾತಾಡದೆ ಬಿಟ್ಟರೆ ಚಿಕ್ಕ ಮಗುವಿನ ಮನಸ್ಸಿನಿಂದ ಬೇಗ ಜಾರಿಹೋಗುತ್ತದೆ. ಮನೆಯ ಹಿಂದೆ ಮಳೆಯಲ್ಲಿ ನೆನೆದದ್ದೂ ಹತ್ತು ಸಲ ಹೇಳಿಕೊಂಡರೆ ಉಳಿಯುತ್ತದೆ. ಹೇಳಿಕೊಳ್ಳುವುದಕ್ಕೆ ಹೊತ್ತು ಯಾವುದು? ಅದೇ ಸ್ನಾನ, ಅದೇ ಬಟ್ಟೆ ಮಡಚುವುದು, ಅದೇ ಹಾಸಿಗೆ. ರಜೆಗೂ ದಿನಚರಿಗೂ ನಂಟಿರುವುದು ಇಲ್ಲಿ.

"ನನಗೆ ಸಿಗುವುದೇ ದಿನಕ್ಕೆ ಸ್ವಲ್ಪ ಹೊತ್ತು, ಮಗುವಿಗೆ ಅನ್ಯಾಯ ಮಾಡುತ್ತಿದ್ದೇನಾ?" ಅಂತ ಅಮ್ಮಂದಿರು ಕಣ್ಣಲ್ಲಿ ನೀರು ತಂದುಕೊಂಡು ಕೇಳುತ್ತಾರೆ. ಅವರಿಗೆ ನಾನು 2015ರ ಒಂದು ಅಮೆರಿಕನ್ ಅಧ್ಯಯನದ ವಿಷಯ ಹೇಳುತ್ತೇನೆ. ಮೆಲಿಸ್ಸಾ ಮಿಲ್ಕಿ ಮತ್ತು ಜೊತೆಗಾರರದ್ದು. 3ರಿಂದ 11 ವರ್ಷದ ಮಕ್ಕಳಲ್ಲಿ, ತಾಯಿ ಎಷ್ಟು ಗಂಟೆ ಜೊತೆಗಿದ್ದಳು ಅನ್ನುವುದಕ್ಕೂ ಮಗುವಿನ ನಡವಳಿಕೆ, ಭಾವನೆ, ಓದಿಗೂ ಸಂಬಂಧ ಕಾಣಲಿಲ್ಲ. ಗಂಟೆ ಎಣಿಸಿ ಕೊರಗುವುದನ್ನು ಬಿಡಿ ಅಂತ ನಾನು ಧೈರ್ಯವಾಗಿ ಹೇಳುವುದು ಇದರಿಂದಲೇ. ಅಪ್ಪಂದಿರಿಗೂ ಒಂದು ಮಾತು: ದಿನದಲ್ಲಿ ಒಂದು ಕೆಲಸ ಪೂರ್ತಿ ನಿಮ್ಮದಾಗಿರಲಿ. ಅಮ್ಮನಿಗೆ ಸಹಾಯ ಅಂತ ಅಲ್ಲ, "ಇದು ಅಪ್ಪನ ಜೊತೆ" ಅಂತ ಮಗುವಿಗೆ ಗೊತ್ತಿರುವ ಹಾಗೆ.

ಅದೇ ಅಧ್ಯಯನದಲ್ಲಿ ಹದಿಹರೆಯದವರ ವಿಚಾರ ಬೇರೆ ಇತ್ತು. ತಾಯಿ ಜೊತೆಯಲ್ಲಿ ಕೂಡಿ ಏನಾದರೂ ಮಾಡುವ ಹೊತ್ತು ಹೆಚ್ಚಿದ್ದಲ್ಲಿ ದಾರಿ ತಪ್ಪುವ ನಡವಳಿಕೆ ಕಡಿಮೆ ಇತ್ತು. ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಮಗು ಚಿಕ್ಕದಿರುವಾಗ ಪ್ರತಿ ಗಂಟೆಗೂ ಕೊರಗುತ್ತೇವೆ. ಹದಿನಾಲ್ಕು ತುಂಬಿದ ಮೇಲೆ "ಈಗ ಅವನಿಗೆ ನಮ್ಮ ಅಗತ್ಯ ಇಲ್ಲ" ಅಂತ ಬಿಟ್ಟುಬಿಡುತ್ತೇವೆ.

"ಈಗ ಶುರು ಮಾಡಿದರೆ ತಡವಾಯ್ತಾ? ಕರೆದರೆ ಬರುವುದೇ ಇಲ್ಲ" ಅನ್ನುವವರಿಗೆ: ಕರೆಯಬೇಡಿ, ನೀವೇ ಹೋಗಿ. ಮಗಳು ಸೈಕಲ್ ತೊಳೆಯುತ್ತಿದ್ದರೆ ಒಂದು ಬಟ್ಟೆ ಹಿಡಿದು ಪಕ್ಕದಲ್ಲಿ ಕೂತು ಒರೆಸಿ. ಮಗ ರಾತ್ರಿ ಹತ್ತರ ಮೇಲೇ ಬಾಯಿ ಬಿಡುವವನಾದರೆ ಆ ಹೊತ್ತಿಗೆ ಎದ್ದಿರಿ. ಟ್ಯೂಷನ್‌ಗೆ ಬಿಡಲು ಹೋಗುವಾಗ ರೇಡಿಯೋ ಯಾವುದಿರಬೇಕು ಅಂತ ಅವರೇ ಹೇಳಲಿ. ಮೊದಮೊದಲು ಮಾತೇ ಇರುವುದಿಲ್ಲ, ಪರವಾಗಿಲ್ಲ. ಆ ಹೊತ್ತಿನಲ್ಲಿ ಮಾತ್ರ ಅಂಕ, ಕೋಣೆಯ ಗಲೀಜು, ಮುಂದೇನು ಓದುತ್ತೀಯ ಅನ್ನುವುದನ್ನು ಎತ್ತಬೇಡಿ. ಅವಕ್ಕೆ ಬೇರೆ ಹೊತ್ತು ಇಟ್ಟುಕೊಳ್ಳಿ.