ದೀಪ ಉರಿದರೆ ಗ್ಯಾಸ್ ಬಂತು ಅಂತಲ್ಲ

ನಮ್ಮ ಹಾಯಿದೋಣಿ ಇರುವುದು ಕ್ಯಾಲಿಫೋರ್ನಿಯಾದ ಅಲಮೀಡಾದಲ್ಲಿ. ಈ ಬೇಸಿಗೆಯಲ್ಲಿ ಅದರ ಒಲೆ ಹಠ ಹಿಡಿಯಿತು. ಮರೀನಾದಲ್ಲಿ, ಅಂದರೆ ದಡದ ದೋಣಿ ನಿಲ್ದಾಣದಲ್ಲಿ, ಕಟ್ಟಿದ್ದಾಗ ಚೆನ್ನಾಗಿ ಉರಿಯುತ್ತಿತ್ತು. ಏಂಜೆಲ್ ಐಲೆಂಡ್‌ಗೆ ಹೋಗಿ ಅಯಾಲಾ ಕೋವ್‌ನಲ್ಲಿ ದೋಣಿಯನ್ನು ನೀರಿನಲ್ಲಿ ತೇಲುವ ಬೋಯ್‌ಗೆ ಕಟ್ಟಿದ ಮೇಲೆ ಹೊತ್ತಿಕೊಳ್ಳುತ್ತಲೇ ಇರಲಿಲ್ಲ. "ರೀ, ಸ್ವಿಚ್ ಹಾಕಿದೀನಿ, ದೀಪಾನೂ ಉರೀತಿದೆ, ಗ್ಯಾಸೇ ಬರ್ತಿಲ್ಲ" ಅಂತ ಹೆಂಡತಿ ಒಳಗಿಂದ ಕೂಗುತ್ತಿದ್ದಳು. ಸಿಲಿಂಡರ್‌ನಲ್ಲಿ ಗ್ಯಾಸ್ ಬೇಕಾದಷ್ಟಿತ್ತು.

ದೋಣಿಯ ಗ್ಯಾಸ್ ವ್ಯವಸ್ಥೆ ಮನೆಯದರ ಥರ ಇರುವುದಿಲ್ಲ. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಮನೆಯಲ್ಲಿ ಸೋರಿದರೆ ಬಾಗಿಲು ತೆಗೆದು ಹೊರಗೆ ಕಳಿಸಬಹುದು. ದೋಣಿಯೊಳಗೆ ಸೋರಿದರೆ ಅದು ನೇರ ತಳಕ್ಕೆ, ಬಿಲ್ಜ್‌ಗೆ ಇಳಿದು ಅಲ್ಲೇ ಕೂತುಬಿಡುತ್ತದೆ. ಅಲ್ಲಿಂದ ಹೊರಹೋಗಲು ದಾರಿಯಿಲ್ಲ. ಗಾಳಿಯಲ್ಲಿ ಶೇಕಡಾ 2ರಷ್ಟು ಸೇರಿದರೂ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಆ ಕಿಡಿ ಕೊಡಲು ಬಿಲ್ಜ್ ಪಂಪು, ಎಂಜಿನ್ನಿನ ಸ್ಟಾರ್ಟರ್ ಎಲ್ಲ ಅಲ್ಲೇ ಹತ್ತಿರದಲ್ಲಿವೆ.

ಅದಕ್ಕೇ ಸಿಲಿಂಡರ್‌ಗೆ ಬೇರೆಯೇ ಲಾಕರ್. ಅದರ ಮುಚ್ಚಳ ಮೇಲಕ್ಕೆ ಮಾತ್ರ ತೆರೆಯುತ್ತದೆ, ತಳದಿಂದ ಒಂದು ಪೈಪು ಹೊರಗೆ ಹೋಗುತ್ತದೆ, ದೋಣಿಯ ಒಳಗಡೆಗೆ ಎಲ್ಲೂ ಸಂದು ಇರಬಾರದು. ನಮ್ಮದರಲ್ಲಿ ಸಿಲಿಂಡರ್, ಪ್ರೆಶರ್ ಗೇಜ್, ರೆಗ್ಯುಲೇಟರ್, ಆಮೇಲೆ ಸೊಲೆನಾಯ್ಡ್ ವಾಲ್ವ್ ಇವೆ. ಈ ವಾಲ್ವ್ 12 ವೋಲ್ಟ್ ಸಿಕ್ಕರೆ ತೆರೆದುಕೊಳ್ಳುತ್ತದೆ, ಕರೆಂಟ್ ಹೋದರೆ ತಾನೇ ಮುಚ್ಚಿಕೊಳ್ಳುತ್ತದೆ. ಅದರ ಸ್ವಿಚ್, ಸ್ವಿಚ್ ಹಾಕಿದಾಗ ಉರಿಯುವ ದೀಪ ಎರಡೂ ಒಲೆ ಹತ್ತಿರದ ಪ್ಯಾನೆಲ್‌ನಲ್ಲಿವೆ. ಬಿಲ್ಜ್‌ನಲ್ಲಿರುವ ಸೆನ್ಸರ್‌ಗೆ ಗ್ಯಾಸ್ ಸಿಕ್ಕರೆ ಅಲಾರಂ ಹೊಡೆದು, ಪ್ಯಾನೆಲ್ಲೇ ಕರೆಂಟ್ ಕಡಿಯುತ್ತದೆ.

ಮರೀನಾದಲ್ಲಿ ಒಬ್ಬರು, "ಸೆನ್ಸರ್ ಹಾಳಾಗಿರುತ್ತೆ. ಸೊಲೆನಾಯ್ಡ್ ತೆಗೆದು ನೇರ ಪೈಪ್ ಹಾಕಿಬಿಡಿ, ಸಿಲಿಂಡರ್ ಕೈಯಲ್ಲೇ ಮುಚ್ಚಿದರಾಯ್ತು" ಅಂದರು. ಇಂಥ ಮಾತು ಕೇಳಿದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಅಲೆ ಜೋರಾಗಿದ್ದಾಗ, ಒಲೆಯ ಮೇಲೆ ಬಿಸಿ ಪಾತ್ರೆ ಇರುವಾಗ, ಯಾರು ಹಿಂದಿನ ತನಕ ಹೋಗಿ ಲಾಕರ್ ತೆಗೆದು ಮುಚ್ಚುತ್ತಾರೆ? ದಿನವೂ ಯಾರೂ ಮಾಡುವುದಿಲ್ಲ. ಕೈಗೆ ಸಿಗುವ ಸ್ವಿಚ್ ಇದ್ದರೆ ಮಾತ್ರ ಮಾಡುತ್ತಾರೆ.

ಅಲ್ಲದೆ ಸೆನ್ಸರ್ ಮೇಲೆ ಅನುಮಾನ ಪಡಲು ಕಾರಣವೇ ಇರಲಿಲ್ಲ. ಅಲಾರಂ ಹೊಡೆದಿರಲಿಲ್ಲ, ದೀಪ ಉರಿಯುತ್ತಿತ್ತು. ಆದರೆ ಆ ದೀಪ ಹೇಳುವುದು ಪ್ಯಾನೆಲ್‌ನಿಂದ ಕರೆಂಟ್ ಹೊರಟಿತು ಅಂತ ಅಷ್ಟೆ. ವಾಲ್ವ್ ತೆರೆಯಿತು ಅಂತ ಹೇಳುವ ಶಕ್ತಿ ಅದಕ್ಕಿಲ್ಲ. ನಿಜವಾದ ಸುಳಿವು ಜಾಗದಲ್ಲಿತ್ತು. ಮರೀನಾದಲ್ಲಿ ದಡದ ಕರೆಂಟ್‌ನಿಂದ ಚಾರ್ಜರ್ ಓಡುತ್ತಿರುತ್ತದೆ, ಆಗ ಬ್ಯಾಟರಿಯಲ್ಲಿ 13.6 ವೋಲ್ಟ್. ಬೋಯ್‌ಗೆ ಕಟ್ಟಿದಾಗ 12.4. ವ್ಯತ್ಯಾಸ ಒಂದು ವೋಲ್ಟ್‌ಗಿಂತ ಸ್ವಲ್ಪ ಜಾಸ್ತಿ. ಅಷ್ಟಕ್ಕೇ ವಾಲ್ವ್ ಕೆಲಸ ನಿಲ್ಲಿಸುತ್ತಿದೆ ಅಂದರೆ ನಡುವೆ ಎಲ್ಲೋ ಇನ್ನೂ ದೊಡ್ಡ ನಷ್ಟ ಆಗುತ್ತಿರಬೇಕು, ಅಲ್ವಾ?

ಸಿಲಿಂಡರ್ ಮುಚ್ಚಿ, ಲಾಕರ್‌ನ ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟು, ಚಾರ್ಜರ್ ಆಫ್ ಮಾಡಿ ಮಲ್ಟಿಮೀಟರ್ ಹಿಡಿದೆ. ಸೊಲೆನಾಯ್ಡ್‌ನ ತಂತಿ ಬಿಚ್ಚಿ ಅಳೆದಾಗ 12.4 ಬಂತು. ಮತ್ತೆ ಜೋಡಿಸಿ ಅಳೆದರೆ 7.9! ಮೀಟರ್ ಎಳೆಯುವ ಕರೆಂಟ್ ಏನೂ ಅಲ್ಲ, ಹಾಗಾಗಿ ಕೆಟ್ಟ ತಂತಿಯೂ ಅದರ ಮುಂದೆ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಸೊಲೆನಾಯ್ಡ್ ಹತ್ತಿರ ಹತ್ತಿರ ಒಂದು ಆಂಪಿಯರ್ ಕೇಳುತ್ತದೆ. ಕೆಟ್ಟ ತಂತಿಯ ಬಣ್ಣ ಬಯಲಾಗುವುದು ಆಗಲೇ. ಬಿಚ್ಚಿ ಅಳೆದು "ಕರೆಂಟ್ ಸರಿಯಾಗಿದೆ, ವಾಲ್ವೇ ಹೋಗಿದೆ" ಅಂದುಕೊಂಡು ಹೊಸ ವಾಲ್ವ್ ಕೊಳ್ಳುವವರು ಸಾಕಷ್ಟು ಜನ. ಚಾರ್ಜರ್ ಆನ್ ಮಾಡಿ ಮತ್ತೆ ಅಳೆದೆ, 8.7. ಅಷ್ಟಿದ್ದರೆ ನಮ್ಮ ವಾಲ್ವ್ ಹೇಗೋ ತೆರೆಯುತ್ತಿತ್ತು. ಮರೀನಾದಲ್ಲಿ ಒಲೆ ಉರಿಯುತ್ತಿದ್ದದ್ದು ಇದರಿಂದಲೇ.

ಮೈನಸ್ ಕಡೆಗೆ ಬ್ಯಾಟರಿಯಿಂದ ತಾತ್ಕಾಲಿಕವಾಗಿ ಬೇರೆ ತಂತಿ ಎಳೆದೆ. ಟಕ್ ಅಂತ ವಾಲ್ವ್ ತೆರೆಯಿತು. ದೋಷ ಲಾಕರ್ ಒಳಗಿನ ಮೈನಸ್ ಜಾಯಿಂಟ್‌ನಲ್ಲಿತ್ತು. ಮೇಲಿನ ಪ್ಲಾಸ್ಟಿಕ್ ಹೊಸದರಂತೆ ಕಾಣುತ್ತಿತ್ತು. ಕತ್ತರಿಸಿ ನೋಡಿದರೆ ಒಳಗೆ ಹಸಿರು ಪುಡಿ, ತಾಮ್ರ ಒಂದು ಗೇಣಿನಷ್ಟು ಕಪ್ಪಾಗಿತ್ತು. ಉಪ್ಪುಗಾಳಿಯ ಕೆಲಸ. ಕಪ್ಪಾದ ಭಾಗಕ್ಕೆ ಕನೆಕ್ಟರ್ ಒತ್ತಿ ಪ್ರಯೋಜನವಿಲ್ಲ. ತವರ ಬಳಿದ ತಂತಿಯನ್ನೇ ಹೊಸದಾಗಿ ಎಳೆದು, ಒಳಗೆ ಅಂಟು ಇರುವ, ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕನೆಕ್ಟರ್ ಹಾಕಿದೆ. ಈಗ ಚಾರ್ಜರ್ ಇಲ್ಲದೆಯೂ ವಾಲ್ವ್‌ಗೆ 12.2 ವೋಲ್ಟ್ ಸಿಗುತ್ತಿದೆ.

ಇನ್ನೊಂದು ವಿಷಯ ಈ ಕೆಲಸ ಮಾಡುವಾಗ ನನ್ನನ್ನು ಜಾಸ್ತಿ ಕಾಡಿತು. ಸೋರಿಕೆ ನೋಡಲು ಒಲೆಯ ನಾಬ್‌ಗಳನ್ನೆಲ್ಲ ಮುಚ್ಚಿ, ಸಿಲಿಂಡರ್ ನಿಧಾನ ತೆರೆದು, ಸೊಲೆನಾಯ್ಡ್ ಸ್ವಿಚ್ ಹಾಕಿ, ಆಮೇಲೆ ಸಿಲಿಂಡರ್ ಮುಚ್ಚುತ್ತೇವೆ. ಗೇಜ್‌ನ ಮುಳ್ಳು ಕನಿಷ್ಠ 3 ನಿಮಿಷ ಕದಲಬಾರದು. ನಾನು ಕಾಲು ಗಂಟೆ ಬಿಡುತ್ತೇನೆ. ಆದರೆ ಸೊಲೆನಾಯ್ಡ್ ತೆರೆಯದೇ ಇದ್ದರೆ ಈ ಪರೀಕ್ಷೆ ಲಾಕರ್ ಒಳಗಿನ ಭಾಗಕ್ಕೆ ಮಾತ್ರ ಆದಂತೆ. ಒಲೆಯ ಹಿಂದಿನ ಪೈಪಿನಲ್ಲಿ ತೂತೇ ಇದ್ದರೂ ಮುಳ್ಳು ಸುಮ್ನೆ ನಿಂತಿರುತ್ತದೆ. ಹಾಗಾಗಿ ಕೊನೆಗೆ ಸಿಲಿಂಡರ್ ಮುಚ್ಚಿಯೇ ಒಂದು ಬರ್ನರ್ ಹೊತ್ತಿಸಿ. ಪೈಪಿನಲ್ಲಿ ಉಳಿದ ಗ್ಯಾಸ್ ಉರಿದು ಮುಳ್ಳು ಸೊನ್ನೆಗೆ ಇಳಿದರೆ ವಾಲ್ವ್ ತೆರೆದಿತ್ತು, ಪೂರ್ತಿ ಲೈನ್ ಪರೀಕ್ಷೆ ಆಯಿತು. ಇಳಿಯದಿದ್ದರೆ ಮೊದಲು ವಾಲ್ವ್ ಸರಿಮಾಡಿ, ಪರೀಕ್ಷೆ ಮತ್ತೆ ಮಾಡಿ. ಬರ್ನರ್ ಹೊತ್ತಿಸುವ ಮೊದಲೇ, ಕಾಯುವಾಗಲೇ ಮುಳ್ಳು ಇಳಿಯಿತು ಅನ್ನಿ, ಸೋರಿಕೆ ಎಲ್ಲಿ ಅಂತ ಹುಡುಕಲು ಸೋಪಿನ ನೀರು ಸಾಕು. ಅಮೋನಿಯಾ ಇಲ್ಲದ ಸೋಪು ಇರಲಿ. ಅಮೋನಿಯಾದಿಂದ ಹಿತ್ತಾಳೆಯ ಜಾಯಿಂಟ್‌ಗಳು ಬಿರುಕು ಬಿಡುತ್ತವೆ.

ಹೊಸ ತಂತಿ ಲಾಕರ್ ಗೋಡೆ ದಾಟುವ ಜಾಗಕ್ಕೆ ಹೊಸ ಸೀಲ್ ಕೂಡ ಹಾಕಿದೆ. ತಂತಿ ಎಳೆಯುವುದಕ್ಕಿಂತ ಇದಕ್ಕೇ ಜಾಸ್ತಿ ಹೊತ್ತು ಹಿಡಿಯಿತು, ಕೈ ಹೋಗದ ಮೂಲೆ. ಅಳತೆಗಳನ್ನೆಲ್ಲ ಟೇಪಿನ ಮೇಲೆ ಬರೆದು ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಮುಂದಿನ ವರ್ಷ ಅಳೆದಾಗ ಹೋಲಿಸಿ ನೋಡಬೇಕು.